ಏರ್‌ಪೋರ್ಟ್ ಮಹಾಂತಯ್ಯನ ಹವಾ ವರದಿ

ನಮ್ಮ ಓಣಿಯ ಮಹಾಂತಯ್ಯ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಅವನಲ್ಲಿ ಇರುವ ಐಬು ಒಂದೇ. ಯಾರು ಏನು ಕೇಳಿದರೂ ಉತ್ತರ ಕೊಡದೆ ಕಳಿಸುವುದು ಅವನ ಜಾಯಮಾನದಲ್ಲಿಲ್ಲ. ಜ್ವರ ಬಂದವರಿಗೆ ಕಷಾಯ ಹೇಳುತ್ತಾನೆ, ಜಮೀನಿನ ತಕರಾರು ಇದ್ದವರಿಗೆ ಕಾಯಿದೆ ಹೇಳುತ್ತಾನೆ, ದಾರಿ ತಪ್ಪಿದವರಿಗೆ ದಾರಿ ಹೇಳುತ್ತಾನೆ. ಅವನ ಮಾತು ನಂಬಿ ಗಿಲ್ಲೆಸುಗೂರಿಗೆ ಹೊರಟವರು ಮಟಮಾರಿಯಲ್ಲಿ ಇಳಿದು, ಚಹಾ ಕುಡಿದು, ವಾಪಸು ಬಂದದ್ದುಂಟು. ಹಾಗೆ ಬಂದವರು ಕೂಡ ಅವನನ್ನು ಬೈದಿಲ್ಲ. ಅಷ್ಟು ಅಕ್ಕರೆಯಿಂದ ತಪ್ಪು ದಾರಿ ತೋರಿಸಿರುತ್ತಾನೆ.

ಇಂಥವನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು.

ರಾಯಚೂರಿನ ಹೊರಗೆ ಆ ನಿಲ್ದಾಣ ಇನ್ನೂ ಏಳುತ್ತಿದೆ. ವಿಮಾನವಂತೂ ಒಂದೂ ಬಂದಿಲ್ಲ. ಬಂದಿರುವುದು ಉದ್ದನೆಯ ರನ್‌ವೇ. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಬಿಸಿಲಿನಲ್ಲಿ ನಡುಗುತ್ತ ಕಾಣುತ್ತದೆ. ಅದರ ಮಗ್ಗುಲಿಗೆ ಒಂದು ಕಂಬ, ಕಂಬದ ತುದಿಗೆ ಗಾಳಿಗೆ ತಿರುಗುವ ಮೂರು ಬಟ್ಟಲು, ಕೆಳಗೆ ಬಿಳಿ ಪೆಟ್ಟಿಗೆಯೊಳಗೆ ಉಷ್ಣಮಾಪಕ, ಪಕ್ಕದಲ್ಲಿ ಮಳೆ ಅಳೆಯುವ ಡಬ್ಬಿ. ಮಹಾಂತಯ್ಯ ದಿನಕ್ಕೆ ಮೂರು ಹೊತ್ತು, ಒಂಬತ್ತಕ್ಕೆ, ಹನ್ನೆರಡಕ್ಕೆ ಮತ್ತು ಮೂರಕ್ಕೆ, ಇವನ್ನೆಲ್ಲ ನೋಡಿ ಒಂದು ದೊಡ್ಡ ಪುಸ್ತಕದಲ್ಲಿ ಬರೆಯಬೇಕು. ಗಾಳಿ ಯಾವ ದಿಕ್ಕಿನಿಂದ, ಬಿಸಿಲು ಎಷ್ಟು, ಮಳೆ ಬಿತ್ತೇ, ರನ್‌ವೇ ಹೇಗಿದೆ. ಅವನ ಅಕ್ಷರ ಮುತ್ತಿನಂಥದು. ‘ರನ್‌ವೇ ಒಣಗಿದೆ. ಮೇಕೆ ಎರಡು. ಓಡಿಸಲಾಯಿತು’ ಎಂದು ಅವನು ಬರೆದದ್ದನ್ನು ನಾನೇ ಓದಿದ್ದೇನೆ. ಅಲ್ಲಿನ ಎಂಜಿನಿಯರ್ ಜಮೀರ್ ಸಾಹೇಬರು ಅದನ್ನು ಮೇಲಿನವರಿಗೆ ಕಳಿಸುತ್ತಾರೆ. ಯಾವ ಕಡೆಯಿಂದ ಎಷ್ಟು ಗಾಳಿ ಬೀಸುತ್ತದೆ ಎಂದು ತಿಳಿದ ಮೇಲೆಯೇ ವಿಮಾನ ಇಳಿಸುವ ಮಾತಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಕಂಬ ಹೇಳುವುದು ಆದದ್ದನ್ನು. ಬಿದ್ದ ಮಳೆಯನ್ನು ಅದು ಅಳೆಯುತ್ತದೆ, ಬೀಳುವ ಮಳೆಯ ಬಗ್ಗೆ ಅದಕ್ಕೆ ಏನೇನೂ ತಿಳಿಯದು. ಇದು ಜಮೀರ್ ಸಾಹೇಬರಿಗೆ ಗೊತ್ತು, ಕಂಬಕ್ಕೂ ಗೊತ್ತು. ಮಹಾಂತಯ್ಯನಿಗೆ ಮಾತ್ರ, ಕೊರಳಲ್ಲಿ ನೀಲಿ ಪಟ್ಟಿಯ ಗುರುತಿನ ಚೀಟಿ ನೇತಾಡತೊಡಗಿದ ದಿನದಿಂದ, ಆಗಾಗ ಮರೆತುಹೋಗುತ್ತಿತ್ತು.

ಮರೆತದ್ದು ದೇವದುರ್ಗದಲ್ಲಿ, ಏಪ್ರಿಲ್ ತಿಂಗಳಲ್ಲಿ. ಅವನ ಹೆಂಡತಿ ಬಸವಂತಮ್ಮನ ತಮ್ಮ ಮೌನೇಶ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. ಮೌನೇಶನ ಮಗಳು ವಿಜಯಶ್ರೀಗೆ ಏಳನೇ ತಿಂಗಳು, ಸೀಮಂತದ ಕುಬಸ ಇಟ್ಟುಕೊಂಡಿದ್ದರು. ಹುಡುಗಿಯ ಅತ್ತೆಯ ಮನೆ ಮಾನ್ವಿ. ಎರಡು ಜೀಪು ತುಂಬ ಬೀಗರು ಬಂದಿದ್ದರು. ನಾನು ಅಲ್ಲಿರಲಿಲ್ಲ. ಆದರೆ ಈ ಸಂಗತಿಯನ್ನು ನನಗೆ ಏಳು ಜನ ಏಳು ರೀತಿಯಲ್ಲಿ ಹೇಳಿದ್ದಾರೆ, ಮಳೆಯ ವಿಷಯ ಬಂದಾಗ ಏಳೂ ಜನರದು ಒಂದೇ ಮಾತು.

ಅಂಗಳಕ್ಕೆ ಶಾಮಿಯಾನ ಹಾಕಿ, ಅದರ ಮೇಲೆ ಮಳೆ ತಡೆಯುವ ತಾಡಪತ್ರಿ ಬಿಗಿದಿದ್ದರು. ಒಳಗೆ ಸೆಕೆಗೆ ಹೆಂಗಸರ ಕುಂಕುಮ ಕರಗಿ ಮೂಗಿನವರೆಗೆ ಬಂದಿತ್ತು. ಮೌನೇಶ ಎಲ್ಲರ ಮುಂದೆ ಕೇಳಿದ:

“ಮಾಮಾ, ತಾಡಪತ್ರಿ ತಗಸಲೇನ್ರಿ? ಗಾಳಿ ಆಡವಲ್ದು. ಏರ್‌ಪೋರ್ಟ್‌ನಾಗ ಮಳಿ ಬಗ್ಗಿ ಏನಂತಾರ?”

ಮಾನ್ವಿಯ ಬೀಗರೆಲ್ಲ ತಿರುಗಿ ನೋಡಿದರು. ಮಹಾಂತಯ್ಯನ ಕೈ ತಾನಾಗಿ ಗುರುತಿನ ಚೀಟಿಯ ಮೇಲೆ ಹೋಯಿತು.

“ಮೂರು ದಿನ ಹನಿ ಇಲ್ಲ. ತಗಸು,” ಅಂದ.

ತಾಡಪತ್ರಿ ಕೆಳಗಿಳಿಯಿತು. ಹಸಿರು ಸೀರೆ ಉಟ್ಟ ವಿಜಯಶ್ರೀಯನ್ನು ಕೂರಿಸಿ ಆರತಿ ಎತ್ತಿದರು, ಎಲೆ ಹಾಕಿದರು, ಹೋಳಿಗೆ ಬಡಿಸಿದರು, ಹೋಳಿಗೆಯ ಮೇಲೆ ತುಪ್ಪ ಬಿತ್ತು. ತುಪ್ಪದ ಹಿಂದೆಯೇ ಮಳೆ ಬಿತ್ತು. ಅಂಥಿಂಥ ಮಳೆಯಲ್ಲ, ಎಲೆಯ ಮೇಲಿನ ಸಾರು ಎಷ್ಟು ಉಂಡರೂ ಮುಗಿಯಲಿಲ್ಲ ಎಂದು ಒಬ್ಬರು ಹೇಳುತ್ತಾರೆ. ವಿಜಯಶ್ರೀ ಒಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಅತ್ತೆ ನಗಲಿಲ್ಲ. ರೇಷ್ಮೆ ಸೀರೆ ಹಿಂಡುತ್ತ ಬಸವಂತಮ್ಮನ ಹತ್ತಿರ ಬಂದು, “ನಿಮ್ಮ ಯಜಮಾನ್ರು ವಿಮಾನ ಇಳಸ್ತಾರ ಅಂದಿದ್ರಿ. ನಮ್ಮನ್ನ ಹೊಳ್ಯಾಗ ಇಳಿಸಿದ್ರಲ್ರಿ,” ಅಂದರು.

ಬಸವಂತಮ್ಮ ಆ ಮಾತನ್ನು ನುಂಗಿಕೊಂಡು ಬೀಗರಿಗೆಲ್ಲ ಒಣ ಸೀರೆ ಕೊಟ್ಟು, ಚಹಾ ಕೊಟ್ಟು, ಜೀಪು ಹತ್ತಿಸಿ ಕಳಿಸಿದರು. ಆಮೇಲೆ ಗಂಡನನ್ನು ಹಿತ್ತಲಿಗೆ ಕರೆದರು.

“ಯಾಕ ಹಂಗಂದ್ರಿ?”

“ಕೇಳಿದ್ರು. ಹೇಳಿದೆ.”

“ಕೇಳಿದವರಿಗೆಲ್ಲಾ ಹೇಳಾಕ ನೀವೇನು ಪಂಚಾಂಗ ಏನು? ತವರಮನಿ ಅಂಗಳದಾಗ ನನ್ನ ಇಜ್ಜತ್ ತೊಳದ್ರಿ. ನೀವು ಹೋಗ್ರಿ ರಾಯಚೂರಿಗಿ. ನನಗ ಇಲ್ಲಿ ಸಂಡಿಗಿ ಹಾಕೋದದ.”

ಇಷ್ಟಾದರೂ ಕೆಡುತ್ತಿರಲಿಲ್ಲ. ‘ತಪ್ಪಾತು, ಬಾ’ ಎಂದಿದ್ದರೆ ಬಸವಂತಮ್ಮ ಅರ್ಧ ಗಂಟೆ ಗೊಣಗಿ ಅದೇ ಬಸ್ಸಿಗೆ ಬರುತ್ತಿದ್ದರು. ಮಹಾಂತಯ್ಯ ಆ ಎರಡು ಮಾತಿಗೆ ಬಾಯಿ ತೆರೆದ. ಬಂದದ್ದು ಬೇರೆ.

“ಗಾಳಿ ಈಶಾನ್ಯಕ್ಕ ತಿರುಗ್ಯದ,” ಅಂದ. ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಬಸ್ಸು ಹತ್ತಿದ.

ಮರುದಿನದಿಂದ ನಮ್ಮ ಓಣಿಯಲ್ಲಿ ಅವನ ಮನೆಯ ಮುಂದೆ ರಂಗೋಲಿ ಇಲ್ಲ. ನನ್ನ ಹೆಂಡತಿ ಸುನಂದಾ ದಿನಾ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಕಳಿಸತೊಡಗಿದಳು. ತಟ್ಟೆ ಇಸಿದುಕೊಳ್ಳುವಾಗ ಕೇಳುತ್ತಿದ್ದಳು, “ವೈನಿ ಯಾವಾಗ ಬರ್ತಾರ್ರಿ?”

“ಹವಾ ನೋಡಿ ಬರ್ತಾಳ,” ಎನ್ನುತ್ತಿದ್ದ ಅವನು, ಬಾಗಿಲ ಚಿಲಕ ನೋಡುತ್ತ. ಆ ರೊಟ್ಟಿಗಳಲ್ಲಿ ಒಂದು ನಮ್ಮ ಓಣಿಯ ಕರಿ ನಾಯಿಗೆ ಹೋಗುತ್ತಿತ್ತು. ನಾಯಿ ದಪ್ಪಗಾಯಿತು, ಮಹಾಂತಯ್ಯನ ಪ್ಯಾಂಟು ಸಡಿಲಾಯಿತು. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಇಲ್ಲದ ಮನೆಯಲ್ಲಿ ಅವನು ಹೇಗೆ ಇದ್ದಾನು? ಅವನ ಎದುರಿಗೆ ಮಾತ್ರ ನಾನೂ ಹವೆಯ ಮಾತೇ ಆಡುತ್ತಿದ್ದೆ.

ಪ್ರತಿದಿನ ಒಂಬತ್ತರ ಬರವಣಿಗೆ ಮುಗಿಸಿ ಅವನು ದೇವದುರ್ಗಕ್ಕೆ ಫೋನ್ ಹಚ್ಚುತ್ತಿದ್ದ. ಬಸವಂತಮ್ಮ ಎತ್ತುತ್ತಿರಲಿಲ್ಲ, ಮೌನೇಶನಿಗೆ ಹಚ್ಚುತ್ತಿದ್ದ. ‘ಅಕ್ಕನ್ನ ಕಳಸಪಾ’ ಎನ್ನಬೇಕೆಂದೇ ಹಚ್ಚುತ್ತಿದ್ದದ್ದು, ಆಣೆ ಮಾಡಿ ಹೇಳುತ್ತೇನೆ.

“ಹಾಂ ಮಾಮಾ, ಹೇಳ್ರಿ.”

“ಏನಿಲ್ಲ... ಇಲ್ಲಿ ಗಾಳಿ ಆಗ್ನೇಯದಿಂದ ಅದ.”

“ಹೌದ್ರಿ?”

“ಬಿಸಿಲು ನಲವತ್ತೊಂದು. ಇವತ್ತು ಹನಿ ಬರಂಗಿಲ್ಲ. ರನ್‌ವೇ ಒಣಗ್ಯದ.”

“ಭಾಳ ಚಲೋ ಆತ್ರಿ.”

“ಇಡ್ಲೇನು?”

“ಇಡ್ರಿ.”

ಮೌನೇಶ ವ್ಯಾಪಾರಸ್ಥ. ಅಕ್ಕನ ಗಂಡ ದಿನಾ ಬೆಳಿಗ್ಗೆ ಸುಮ್ಮಸುಮ್ಮನೆ ಫೋನ್ ಮಾಡುತ್ತಾನೆ ಎಂಬುದು ಅವನ ತಲೆಗೆ ಹೋಗುವ ಮಾತಲ್ಲ. ಏನೋ ಮುನ್ಸೂಚನೆ ಕೊಡುತ್ತಿದ್ದಾರೆ ಎಂದುಕೊಂಡು ಮೊದಲ ದಿನ ಅಂಗಳದ ತುಂಬ ಮೆಣಸಿನಕಾಯಿ ಹರವಿದ. ಮಧ್ಯಾಹ್ನ ನಾಲ್ಕಕ್ಕೆ ಮಳೆ ಬಂತು. ಎರಡನೇ ದಿನವೂ ಹರವಿದ, ಮೂರಕ್ಕೇ ಬಂತು. ಮೂರನೇ ದಿನ ಎರಡಕ್ಕೆ.

ಆಗ ಪಕ್ಕದ ಮಾಳಿಗೆಯಿಂದ ವಿಠ್ಠಲರಾವ್ ಮಾಸ್ತರರು ಕೆಮ್ಮಿದರು. ಮಾನ್ವಿಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮಗಳು ಪೂರ್ಣಶ್ರೀಯ ಮನೆಗೆಂದು ದೇವದುರ್ಗಕ್ಕೆ ಬಂದು, ಲೆಕ್ಕ ಬಿಡಿಸಲು ಏನೂ ಸಿಗದೆ ಬೇಸರದಲ್ಲಿದ್ದರು.

“ಮೌನೇಶಪ್ಪ, ನಿಮ್ಮ ಮಾಮಾನ ಮಾತು ತಪ್ಪಲ್ಲ. ನೀ ಓದೋ ರೀತಿ ತಪ್ಪು. ಹೌದು–ಅಲ್ಲ ಪ್ರಶ್ನಿ ಹತ್ತು ಕೊಟ್ರ ಹತ್ತಕ್ಕ ಹತ್ತು ತಪ್ಪು ಬರಿಯೋ ಹುಡುಗ ಇರ್ತಾನಲ್ಲ, ಅವನಿಗಿ ಉತ್ತರ ಎಲ್ಲಾ ಗೊತ್ತಿರತಾವ. ಅವನ ಉತ್ತರ ತಿರುವಿ ಹಾಕಿದ್ರ ಹತ್ತಕ್ಕ ಹತ್ತು. ನಂಬಬಾರದ್ದು ಐದು ಸರಿ, ಐದು ತಪ್ಪು ಬರಿಯೋನ್ನ.”

ಮೌನೇಶ ಇದನ್ನು ಒಂದು ನಿಮಿಷ ಯೋಚಿಸಿದ. ಮರುದಿನ ಬೆಳಿಗ್ಗೆ ಮಹಾಂತಯ್ಯ ‘ಹನಿ ಬರಂಗಿಲ್ಲ’ ಎಂದ ಕೂಡಲೇ ಮೆಣಸಿನಕಾಯಿಯನ್ನೆಲ್ಲ ಒಳಗೆ ತುಂಬಿಸಿ ತಾಡಪತ್ರಿ ಹಾಕಿದ. ಮಳೆ ಬಂತು. ಓಣಿಯವರದೆಲ್ಲ ತೋಯಿತು, ಮೌನೇಶನದು ಉಳಿಯಿತು.

ಅಲ್ಲಿಂದ ಮುಂದಿನದನ್ನು ಕೇಳಬೇಡಿ. ದೇವದುರ್ಗದ ಓಣಿಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಒಂದೇ ಪ್ರಶ್ನೆ: “ಏರ್‌ಪೋರ್ಟ್ ಮಹಾಂತಯ್ಯ ಏನಂದಾನ?” ಮಾನ್ವಿಯ ಭತ್ತದ ವ್ಯಾಪಾರಿಗಳು ಮಾಸ್ತರರ ಹಳೆಯ ಶಿಷ್ಯರು. ಆಗ ಎರಡನೇ ಬೆಳೆಯ ಭತ್ತ ಕೊಯ್ದು ರಸ್ತೆಯುದ್ದಕ್ಕೂ ಒಣಹಾಕಿದ ಹೊತ್ತು. ಅವರೂ ಮಾಸ್ತರರಿಗೆ ಫೋನ್ ಮಾಡತೊಡಗಿದರು.

“ಸರ್, ಏನಂದಾನ್ರಿ?”

“ಮಳಿ ಇಲ್ಲ ಅಂದಾನ.”

“ಅಯ್ಯಯ್ಯೋ! ಲೇ, ಭತ್ತ ಬಳದು ಒಳಗ ಹಾಕ್ರಿ!”

ಮಳೆ ಬಾರದ ದಿನಗಳೂ ಇದ್ದವು. ಅಂಥ ದಿನ ಮಾಸ್ತರರು ಕನ್ನಡಕ ಒರೆಸುತ್ತ, “ಊರ ಹೊರಗ ಎಲ್ಲ್ಯರ ಬಿದ್ದಿರತದ, ನಮಗ ಕಂಡಿರಂಗಿಲ್ಲ,” ಎನ್ನುತ್ತಿದ್ದರು. ಮೂವತ್ತೈದು ವರ್ಷ ಕಲಿಸಿದವರ ಎದುರಿಗೆ ಯಾರು ತಕರಾರು ತೆಗೆಯುತ್ತಾರೆ?

ಇತ್ತ ಮಹಾಂತಯ್ಯನಿಗೆ ಈ ತಿರುವಿ ಹಾಕುವ ಸಂಗತಿ ಗೊತ್ತಿಲ್ಲ. ಮೌನೇಶ ಒಂದು ದಿನ ಫೋನಿನಲ್ಲಿ, “ಮಾಮಾ, ನಿಮ್ಮ ವರದಿ ಬರೂತನಕ ಊರಾಗ ಯಾರೂ ಮೆಣಸಿನಕಾಯಿ ಮುಟ್ಟಂಗಿಲ್ರಿ,” ಅಂದ. ಅದರಲ್ಲಿ ಸುಳ್ಳೇನಿತ್ತು? ಅಂದು ಸಂಜೆ ಮಹಾಂತಯ್ಯ ನಮ್ಮ ಕಟ್ಟೆಯ ಮೇಲೆ ಕೂತು ಅದನ್ನು ನಾಲ್ಕು ಸಲ ಹೇಳಿದ. ನಾಲ್ಕನೇ ಸಲಕ್ಕೆ ದನಿ ಸಣ್ಣದಾಯಿತು.

“ಊರೆಲ್ಲಾ ನನ್ನ ಮಾತು ಕೇಳಾಕತ್ತದ. ಅಕಿ ಕಿವಿಗೂ ಬಿದ್ದಿರಬೇಕಲ್ಲ?”

“ಬಿದ್ದಿರತದ,” ಅಂದೆ.

“ಮತ್ತ ಯಾಕ ಬರವಲ್ಲಳು?”

“ನೀ ಬಾ ಅಂದೀಯೇನು?”

ಅವನು ಮೋಡವಿಲ್ಲದ ಆಕಾಶದಲ್ಲಿ ಮೋಡ ಹುಡುಕಿದ.

ಮರುದಿನ ಮಾನ್ವಿಯ ವ್ಯಾಪಾರಿಯೊಬ್ಬರು ನಿಲ್ದಾಣದ ಕಚೇರಿಗೇ ಫೋನ್ ಮಾಡಿ, ‘ನಿಮ್ಮ ಮಹಾಂತಯ್ಯನವರಿಂದ ನಮ್ಮ ಭತ್ತ ಉಳೀತ್ರಿ’ ಎಂದು ಜಮೀರ್ ಸಾಹೇಬರಿಗೆ ವಂದನೆ ಹೇಳಿದರಂತೆ. ಸಾಹೇಬರು ಅವನನ್ನು ಕರೆಸಿದರು.

“ಮಹಾಂತಯ್ಯಾರ, ನೀವು ಮಾನ್ವಿಯೊಳಗಿನ ಭತ್ತ ಹೆಂಗ ಉಳಿಸಿದ್ರಿ?”

“ವರದಿ ಕೊಟ್ಟೆ ಸಾಹೇಬ್ರ. ಮಳಿ ಬರಂಗಿಲ್ಲ ಅಂದೆ.”

“ಮಳಿ ಬರಂಗಿಲ್ಲ ಅಂದ್ರ ಭತ್ತ ಹೆಂಗ ಉಳೀತದ?”

“ಗಾಳಿ ಆಗ್ನೇಯದಿಂದ ಅದ್ರಿ ಸಾಹೇಬ್ರ,” ಅಂದ ಮಹಾಂತಯ್ಯ. ಸಾಹೇಬರು ತಲೆಯ ಮೇಲೆ ಕೈ ಇಟ್ಟುಕೊಂಡು, “ನೋಡ್ರಿ, ಆದದ್ದು ಬರೀರಿ. ಆಗೋದು ಮ್ಯಾಲಿನವನಿಗಿ ಬಿಡ್ರಿ,” ಎಂದು ಕಳಿಸಿದರು. ಬೈಯಲಿಲ್ಲ. ಅವನನ್ನು ಬೈಯುವುದು ಯಾರಿಗೂ ಬರುವುದಿಲ್ಲ.

ಹದಿನೆಂಟನೇ ದಿನ, ಹನ್ನೆರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು. ನಾನು ಊಟಕ್ಕೆ ಕೂರಬೇಕು, ಮಹಾಂತಯ್ಯ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಒಂದು ದೊಡ್ಡ ನೀಲಿ ತಾಡಪತ್ರಿ, ನಿಲ್ದಾಣದಲ್ಲಿ ಸಿಮೆಂಟು ಚೀಲಕ್ಕೆ ಹೊದಿಸುವಂಥದು.

“ನಡಿ, ದೇವದುರ್ಗಕ್ಕ ಹೋಗೂಣ.”

ವಿಜಯಶ್ರೀ ಅವನಿಗೆ ಕದ್ದು ಫೋನ್ ಮಾಡಿದ್ದಳು. ಊರು ಅವನ ವರದಿಯನ್ನು ತಿರುವಿ ಹಾಕಿಕೊಂಡು ಬದುಕುತ್ತಿರುವುದನ್ನೆಲ್ಲ ಹೇಳಿದ್ದಳು. ಅಷ್ಟೇ ಅಲ್ಲ. ನಿನ್ನೆ ಸಂಜೆ ಮಾಳಿಗೆಯ ಮೇಲೆ ಹೆಂಗಸರು ಕೂತಾಗ ವಿಠ್ಠಲರಾವ್ ಮಾಸ್ತರರು, “ಸುಳ್ಳು ಹೇಳೋದ್ರಾಗ ಆ ಮನುಷ್ಯಾ ಗಡಿಯಾರ ಇದ್ದಂಗ, ಒಂದು ನಿಮಿಷ ಹಿಂದ ಇಲ್ಲ ಮುಂದ ಇಲ್ಲ,” ಅಂದರಂತೆ. ಎಲ್ಲ ನಕ್ಕರಂತೆ. ಬಸವಂತಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಎದ್ದು ನಿಂತರಂತೆ.

“ಮಾಸ್ತರ, ಅವರಿಗಿ ನಾ ಏನ ಬೇಕಾದ್ದು ಅಂತೀನಿ. ಮೂವತ್ತು ವರ್ಷ ಅಂದೀನಿ, ಇನ್ನೂ ಅಂತೀನಿ. ನೀವ್ಯಾರು ಅನ್ನಾಕ? ನಾಳಿ ಮುಂಜಾನಿ ಅವರು ಮಳಿ ಇಲ್ಲ ಅಂದ್ರ ಇಲ್ಲ. ನೀವು ಮುಚ್ಚಿಕೋರಿ. ನಾ ನಾಕು ಸೇರು ಅಕ್ಕಿ ಸಂಡಿಗಿ ಬಯಲಿಗಿ ಹಾಕ್ತೀನಿ.”

ಇಂದು ಬೆಳಿಗ್ಗೆ ಮಹಾಂತಯ್ಯ, ಏನೂ ತಿಳಿಯದೆ, ಎಂದಿನಂತೆ ‘ಹನಿ ಬರಂಗಿಲ್ಲ’ ಎಂದಿದ್ದಾನೆ. ಇಡೀ ಓಣಿ ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕಿಕೊಂಡಿದೆ. ಬಸವಂತಮ್ಮ ಒಬ್ಬರೇ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ, ನಾಲ್ಕು ಸೇರಿನ ಸಂಡಿಗೆ ಹಾಕಿ, ಪಕ್ಕದಲ್ಲಿ ಕೂತಿದ್ದಾರೆ. ಪಡುವಣದಲ್ಲಿ ಮೋಡ ಏಳುತ್ತಿದೆ.

“ಹೆಂಡ್ತಿನ್ನ ಕರಿಯಾಕ ಹೊಂಟೀಯೇನು?” ಅಂದೆ. ಮುನಿದು ತವರಿನಲ್ಲಿ ಕೂತವರನ್ನು ಕರೆತರಲು ನಮ್ಮಲ್ಲಿ ಗಂಡ ಒಬ್ಬನೇ ಹೋಗುವುದಿಲ್ಲ, ಜೊತೆಗೊಬ್ಬ ಹಿರಿಯ ಬೇಕು.

“ಕರಿಯಾಕಲ್ಲ. ತಾಡಪತ್ರಿ ಮುಟ್ಟಿಸಾಕ.”

ಹೀಗೆ ಸಿಮೆಂಟಿನ ತಾಡಪತ್ರಿಗೆ ಹಿರಿಯನಾಗಿ ನಾನು ಹೊರಟೆ. ಅವಸರದಲ್ಲಿ ಸುನಂದಾಗೂ ಹೇಳಲಿಲ್ಲ, ಅವಳು ಹಿತ್ತಲಲ್ಲಿದ್ದಳು.

ಬಸ್ಸಿನಲ್ಲಿ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೋಡ ನೋಡುವುದು, ಒಳಗೆಳೆದುಕೊಂಡು ನಿಟ್ಟುಸಿರು ಬಿಡುವುದು, ಇದೇ ನಡೆಯಿತು. ಗಬ್ಬೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು, ಉದ್ದನೆಯ ಛತ್ರಿಯನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡರು.

“ಇಷ್ಟು ಬಿಸಿಲಾಗ ಛತ್ರಿ ಯಾಕ್ರಿ ಯಜಮಾನ್ರ?” ಅಂದೆ.

“ಏರ್‌ಪೋರ್ಟ್ ಮಹಾಂತಯ್ಯ ಮಳಿ ಇಲ್ಲ ಅಂದಾನಂತ್ರಿ. ಮತ್ತ ತರಬೇಕಲ್ಲ?” ಅಂದರು ಅವರು. “ಪುಣ್ಯಾತ್ಮ. ಅವನಿಂದ ಭಾಳ ಮಂದಿಗಿ ಅನುಕೂಲ ಆಗ್ಯದ.”

ಮಹಾಂತಯ್ಯ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಅಂಗಿಯ ಕಿಸೆಯೊಳಗೆ ಹಾಕಿಕೊಂಡ.

ನಾವು ಮಾಳಿಗೆ ಹತ್ತಿದಾಗ ಮೂರು ಹೊಡೆಯುವುದರಲ್ಲಿತ್ತು. ಆಕಾಶದ ಅರ್ಧ ಕಪ್ಪಾಗಿತ್ತು. ಸುತ್ತಲಿನ ಮಾಳಿಗೆಗಳ ಮೇಲೆ ಊರು ನೆರೆದಿತ್ತು; ಮಾಸ್ತರರು ಛತ್ರಿ ಹಿಡಿದು, ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಡುವೆ ಬಿಳಿ ಸಂಡಿಗೆಯ ಸಾಲು, ಸಾಲಿನ ಕೊನೆಗೆ ಬಸವಂತಮ್ಮ. ಗಂಡನನ್ನು ಕಂಡದ್ದೇ ಅವರ ಮುಖ ಅರಳಿತು. ತಾಡಪತ್ರಿ ಕಂಡದ್ದೇ ಮುದುಡಿತು.

“ಏನದು ಬಗಲಾಗ?”

“ತಾಡಪತ್ರಿ. ಮಳಿ ಬಂದ್ರ ಅಂತ...”

“ಮಳಿ ಬರಂಗಿಲ್ಲ ಅಂತ ಮುಂಜಾನಿ ನೀವ ಹೇಳೀರಿ.”

“ಹೇಳೀನಿ. ನನ್ನ ಮಾತು ನಾನ ನಂಬಂಗಿಲ್ಲ. ನೀ ಯಾಕ ನಂಬಿದಿ?”

ಬಸವಂತಮ್ಮ ದನಿ ತಗ್ಗಿಸಿದರು. “ಊರೆಲ್ಲಾ ನೋಡಾಕತ್ತದ. ಅದನ್ನ ಕೆಳಗ ಹಾಕಿ ಅದರ ಮ್ಯಾಲ ಕೂಡ್ರಿ. ಚಾಪಿ ತಂದಾರ ಅಂತ ತಿಳೀಲಿ.”

ಮಹಾಂತಯ್ಯ ಕೂತ. ನಾನೂ ಕೂತೆ. ಗುಡುಗಿತು. ಬಸವಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಸೊರಗೀರಿ.”

“ಇಲ್ಲ. ಸುನಂದಕ್ಕ ರೊಟ್ಟಿ ಕೊಡ್ತಾರ.”

“ಎರಡರಾಗ ಒಂದು ನಾಯಿಗಿ ಹಾಕೀರಿ. ನನಗ ಗೊತ್ತದ.” ಸಂಡಿಗೆಯ ಧೋತರದ ಅಂಚು ಸರಿಮಾಡುತ್ತ ಕೇಳಿದರು, “ಖರೇ ಹೇಳ್ರಿ. ಯಾಕ ಬಂದ್ರಿ?”

ನಾನು ಅವನ ತೊಡೆಗೆ ಚಿವುಟಿದೆ. ಅವನು ಬಾಯಿ ತೆರೆದ.

“ಗಾಳಿ ಪಡುವಲಕ್ಕ ತಿರುಗ್ಯದ.”

ಬಸವಂತಮ್ಮ ಮುಖ ತಿರುಗಿಸಿ ಸಂಡಿಗೆಯ ಕಡೆ ನೋಡತೊಡಗಿದರು. ಅವರ ಗದ್ದದ ಮೇಲೆ ಒಂದು ಹನಿ ಬಿತ್ತು. ನನ್ನ ಕೈ ಮೇಲೆ ಒಂದು. ಮಹಾಂತಯ್ಯನ ಬೋಳುತಲೆಯ ಮೇಲೆ ಮೂರು.

“ಇದು ಮಳಿ ಅಲ್ಲ,” ಅಂದರು ಬಸವಂತಮ್ಮ ಹಲ್ಲು ಕಚ್ಚಿ.

ಮುಂದಿನ ಕ್ಷಣಕ್ಕೆ ಹಾಗೆನ್ನಲು ಯಾರಿಗೂ ಬಾಯಿ ಇರಲಿಲ್ಲ. ಮಹಾಂತಯ್ಯ ಎದ್ದು ತಾಡಪತ್ರಿ ಕೊಡವಿದ. ಒಂದು ಮೂಲೆ ಅವನು, ಒಂದು ಬಸವಂತಮ್ಮ, ಒಂದು ನಾನು ಹಿಡಿದೆವು; ನಾಲ್ಕನೆಯದು ಗಾಳಿಗೆ ಹಾರಿ ನಮ್ಮ ಮೂವರಿಗೂ ಸರಿಯಾಗಿ ಬಾರಿಸಿತು. ಕೆಳಗಿನಿಂದ ಮೌನೇಶ ಓಡಿಬಂದು ಹಿಡಿದ. ಅಷ್ಟರಲ್ಲಿ ಅರ್ಧ ಸಂಡಿಗೆ ಮತ್ತೆ ಹಿಟ್ಟಾಗಿ ಕಾಲಿನಡಿ ಹರಿಯುತ್ತಿತ್ತು.

“ಬಂತ ನೋಡ್ರಿ!” ಮಾಸ್ತರರು ಛತ್ರಿಯ ಕೆಳಗಿಂದ ಕೂಗಿದರು. “ನನ್ನ ಲೆಕ್ಕ ತಪ್ಪಂಗಿಲ್ಲ!” ಮಾಳಿಗೆಗಳ ಮೇಲೆ ಚಪ್ಪಾಳೆ ಬಿತ್ತು.

ಬಸವಂತಮ್ಮ ತಮ್ಮ ಮೂಲೆಯನ್ನು ಹಿಡಿದುಕೊಂಡೇ ಎದೆ ಸೆಟೆಸಿ ನಿಂತರು. ಮಳೆಯಲ್ಲಿ ನೆನೆದ ಸೀರೆ, ಹಣೆಗೆ ಅಂಟಿದ ಕೂದಲು.

“ಮಾಸ್ತರ, ಇವರು ಕೆಲಸ ಮಾಡೋದು ಎಲ್ಲಿ?”

“ರಾಯಚೂರಾಗ.”

“ಕಂಬ ನಟ್ಟಿದ್ದು ಎಲ್ಲಿ?”

“ರಾಯಚೂರಾಗ.”

“ಅಂದ ಮ್ಯಾಲ ಇವರು ಹೇಳೋ ಹವಾ ಯಾವ ಊರಿಂದು? ಅಣ್ಣಾರ, ಸುನಂದಾಗ ಫೋನ್ ಹಚ್ಚರಿ. ಎಲ್ಲರಿಗೂ ಕೇಳೋಹಂಗ ಹಚ್ಚರಿ.”

ನಾನು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಫೋನ್ ಹಚ್ಚಿದೆ. ಸುನಂದಾ ಎತ್ತಿದಳು.

“ಎಲ್ಲಿ ಹೋಗೀರಿ ನೀವು? ಅನ್ನ ಆರಿ ತಣ್ಣಗಾತು, ಹೇಳಿ ಹೋಗಾಕ ಏನಾಗಿತ್ತು ದಾಡಿ?”

ಮಾಳಿಗೆಗಳೆಲ್ಲ ನಕ್ಕವು. ಬಸವಂತಮ್ಮ ನಡುವೆ ಬಾಯಿ ಹಾಕಿದರು. “ಸುನಂದಾ, ನಾ ಬಸವಂತಮ್ಮ. ಅಲ್ಲಿ ಮಳಿ ಬರಾಕತ್ತದೇನು?”

“ಎಲ್ಲೀ ಮಳಿ ವೈನಿ? ಬಿಸಿಲಿಗಿ ಮಾಳಗಿ ಮ್ಯಾಲ ಕಾಲಿಡಾಕ ಬರವಲ್ದು.”

“ಈ ಹದಿನೆಂಟು ದಿನದಾಗ ಒಂದರ ದಿನ ಬಿದ್ದದೇನು?”

“ಒಂದು ಹನಿನೂ ಇಲ್ಲ. ಅದನ್ನ ಎಷ್ಟು ಸಲ ಕೇಳ್ತೀರಿ?” ಅಂದಳು ಸುನಂದಾ. “ದಿನಾ ಮುಂಜಾನಿ ಫೋನ್ ಮಾಡಿ ಕೇಳ್ತೀರಲ್ಲ, ಅಲ್ಲಿ ಹನಿ ಬಿತ್ತೇನು, ಅವರು ಉಂಡ್ರೇನು, ರೊಟ್ಟಿ ನಾಯಿಗಿ ಹಾಕಿದ್ರೇನು ಅಂತ. ದಿನಾ ಹೇಳೀನಿ. ಅವರ ಮುಂದ ಹೇಳಬ್ಯಾಡ ಅಂದ್ರಿ, ಹೇಳಿಲ್ಲ.”

ಇಡೀ ಓಣಿಗೆ ಕೇಳಿಸಿತು. ಬಸವಂತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ತಾಡಪತ್ರಿಯ ಆ ಮೂಲೆ ಕೆಳಗಿಳಿದು ಉಳಿದ ಸಂಡಿಗೆಗೂ ನೀರು ನುಗ್ಗಿತು. ಯಾರಿಗೂ ಅದರ ಖಬರಿರಲಿಲ್ಲ.

ಮೊದಲು ಅಲುಗಾಡಿದವರು ಮಾಸ್ತರರು. ಛತ್ರಿ ಮಡಿಸಿ, ಮಳೆಯಲ್ಲೇ ಎದ್ದು ನಿಂತರು. “ತಾಯಿ, ಲೆಕ್ಕ ಮಾಡಿದೆ. ಊರಿನ ಹೆಸರು ಹಿಡೀಲಿಲ್ಲ. ತಪ್ಪು ನಂದು,” ಅಂದರು. ದೊಡ್ಡ ಮನುಷ್ಯರು. ಕುಬಸದ ದಿನ ಮಹಾಂತಯ್ಯ ದೇವದುರ್ಗದಲ್ಲೇ ನಿಂತು ದೇವದುರ್ಗದ ಮಳೆಯ ಬಗ್ಗೆಯೇ ಹೇಳಿದ್ದ ಎಂಬುದು ಅವರಿಗಾಗಲಿ ಉಳಿದವರಿಗಾಗಲಿ ನೆನಪಾಗಲಿಲ್ಲ. ನನಗೆ ನೆನಪಾಯಿತು. ಬಾಯಲ್ಲಿ ತಾಡಪತ್ರಿ ಇದ್ದದ್ದು ಒಳ್ಳೆಯದಾಯಿತು.

ಮಹಾಂತಯ್ಯ ಹೆಂಡತಿಯನ್ನೇ ನೋಡುತ್ತ ನಿಂತಿದ್ದ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಕಿವಿಯಲ್ಲಿ ನೀರು ಹೋಗಿದ್ದರಿಂದ ಅವನೂ ಎಲ್ಲರಿಗೂ ಕೇಳುವಂತೆಯೇ ಎತ್ತಿದ. ಜಮೀರ್ ಸಾಹೇಬರು.

“ಮಹಾಂತಯ್ಯಾರ, ಮೂರರ ವರದಿ ಬರೆದಿಲ್ಲ ನೀವು. ಇಷ್ಟು ದಿನದಾಗ ರಜಾ ಹೇಳದ ಒಂದು ಸಲನೂ ತಪ್ಪಿಸಿಲ್ಲ. ಎಲ್ಲಿ ಅದೀರಿ?”

“ದೇವದುರ್ಗದಾಗ ಅದೀನ್ರಿ ಸಾಹೇಬ್ರ.”

“ಅಲ್ಲೇನು ಕೆಲಸ?”

ಮಳೆ ಸುರಿಯುತ್ತಿತ್ತು. ಮಾಳಿಗೆಗಳ ಮೇಲಿನ ಜನವೆಲ್ಲ ಗೋಡೆಯಂಚಿಗೆ ಬಂದಿತ್ತು. ಅವನ ಕಣ್ಣು ಆಕಾಶದ ಕಡೆ ಹೊರಟಿದ್ದನ್ನು ನಾನು ಕಂಡೆ. ಇನ್ನೇನು ದಿಕ್ಕು ಹೇಳಿಬಿಡುತ್ತಾನೆ ಎಂದುಕೊಂಡೆ. ಕಣ್ಣು ಅರ್ಧ ದಾರಿಯಿಂದ ಹಿಂತಿರುಗಿ ಬಸವಂತಮ್ಮನ ಮೇಲೆ ನಿಂತಿತು.

“ಹೆಂಡ್ತಿನ್ನ ಕರಕೊಂಡು ಹೋಗಾಕ ಬಂದೀನ್ರಿ, ಸಾಹೇಬ್ರ,” ಅಂದ. “ತಪ್ಪು ನಂದ ಅದ. ಹದಿನೆಂಟು ದಿನ ಆತು, ಬಾ ಅನ್ನಾಕ ಬಾಯಿ ಬರಲಿಲ್ಲ. ಅಕಿ ಇಲ್ಲದ ಮನ್ಯಾಗ ನನಗ ಇರಾಕ ಆಗವಲ್ದ್ರಿ.”

“ಹಂಗಾದ್ರ ಮೂರರ ಜಾಗದಾಗ ಅದನ್ನ ಬರೀರಿ,” ಅಂದರು ಜಮೀರ್ ಸಾಹೇಬರು. “ಅಮ್ಮಾರಿಗಿ ನನ್ನ ಸಲಾಂ ಹೇಳ್ರಿ.”

ಬಸವಂತಮ್ಮ ಕಣ್ಣು ಒರೆಸಿಕೊಂಡರು. ಮಳೆಯ ನೀರು ಅಂದರು, ನಾವ್ಯಾರೂ ಎದುರಾಡಲಿಲ್ಲ. ಮೌನೇಶನಿಗೆ ಕೆಳಗಿನಿಂದ ತಮ್ಮ ಚೀಲ ತರಲು ಹೇಳಿದರು. ಕೆಸರಾದ ಸಂಡಿಗೆಯನ್ನು ಒಂದು ಸಲ ನೋಡಿದರು, ಮಾಸ್ತರರನ್ನು ಒಂದು ಸಲ ನೋಡಿದರು. ಆಮೇಲೆ ಗಂಡನ ಒದ್ದೆ ಅಂಗಿಯ ತೋಳು ಹಿಡಿದು ಮೆಟ್ಟಿಲ ಕಡೆ ನಡೆದರು.

“ಏಳ್ರಿ, ನಡೀರಿ. ನಿಮ್ಮ ಮಾತು ನಡಿಯೋ ಊರಿಗಿ ಹೋಗೂಣ.”